ಪ್ರಾಜೆಕ್ಟ್ ಯಾರದು? ಮಗುವಿನದೋ, ಮನೆಯವರದೋ?

ವಿಜ್ಞಾನ ವಸ್ತುಪ್ರದರ್ಶನದ ದಿನ ಹತ್ತಿರ ಬಂತೆಂದರೆ ಶಾಲೆಯ ಎದುರಿನ ಸ್ಟೇಷನರಿ ಅಂಗಡಿಗೆ ಸುಗ್ಗಿ. ಥರ್ಮೋಕೋಲ್ ಹಾಳೆ, ಬಣ್ಣದ ಚಾರ್ಟು, ಮಿನುಗು ಕಾಗದ, ಅಂಟಿನ ಡಬ್ಬಿ ಎಲ್ಲವೂ ಎರಡೇ ದಿನದಲ್ಲಿ ಖಾಲಿ. ಪೇಟೆಯ ಕೆಲವು ಅಂಗಡಿಗಳಲ್ಲಂತೂ ಸಿದ್ಧ ಮಾದರಿಗಳೇ ದೊರೆಯುತ್ತವೆ. ಜ್ವಾಲಾಮುಖಿ ಬೇಕೇ, ಸೌರವ್ಯೂಹ ಬೇಕೇ, ಗಾಳಿಯಂತ್ರ ಬೇಕೇ? ದುಡ್ಡು ಕೊಟ್ಟರಾಯಿತು. ಕೊಳ್ಳಲಾಗದವರ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಅಮ್ಮ ಕತ್ತರಿಸುತ್ತಾರೆ, ಅಪ್ಪ ಅಂಟಿಸುತ್ತಾರೆ, ಚಿಕ್ಕಪ್ಪ ಇಂಟರ್‌ನೆಟ್‌ನಿಂದ ನಾಲ್ಕು ಪುಟ ಮುದ್ರಿಸಿ ತರುತ್ತಾರೆ. ಪ್ರಾಜೆಕ್ಟ್ ಮಾಡಬೇಕಾದ ಮಗು ಮಾತ್ರ ಅಷ್ಟು ಹೊತ್ತಿಗೆ ಒಂದು ನಿದ್ದೆ ಮುಗಿಸಿರುತ್ತದೆ.

ಮರುದಿನ ತೀರ್ಪುಗಾರರು ಬಂದು, ‘ಇದು ಏನು ಮರಿ?’ ಎಂದು ಕೇಳುತ್ತಾರೆ. ಮಗು ಬಾಯಿಪಾಠ ಮಾಡಿದ್ದನ್ನು ಉಸಿರು ಬಿಡದೆ ಒಪ್ಪಿಸುತ್ತದೆ. ‘ಸೋಡಾಪುಡಿ ಎರಡರಷ್ಟು ಹಾಕಿದರೆ ನೊರೆಯೂ ಎರಡರಷ್ಟು ಬರುತ್ತದೆಯೇ?’ ಎಂದು ಇನ್ನೊಂದು ಪ್ರಶ್ನೆ ಹಾಕಿದರೆ ಸಾಕು, ಅದರ ಕಣ್ಣು ಹಿಂದೆ ನಿಂತ ಅಮ್ಮನನ್ನು ಹುಡುಕುತ್ತದೆ. ಅಧ್ಯಾಪಕ ವೃತ್ತಿಯಲ್ಲಿ ಇರುವ ಎಲ್ಲರೂ ಈ ನೋಟವನ್ನು ಬಲ್ಲರು.

ಇದರ ಇನ್ನೊಂದು ಮುಖ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರದರ್ಶನದ ದಿನ ಕೆಲವು ಮಕ್ಕಳು ಶಾಲೆಗೇ ಬರುವುದಿಲ್ಲ. ಕೂಲಿಗೆ ಹೋಗುವ ತಂದೆ ತಾಯಿಗೆ ಮುನ್ನೂರು ರೂಪಾಯಿಯ ಸಾಮಾನು ತರುವ ಶಕ್ತಿ ಇರುವುದಿಲ್ಲ, ಇಂಟರ್‌ನೆಟ್ ಬಲ್ಲ ಚಿಕ್ಕಪ್ಪನೂ ಇರುವುದಿಲ್ಲ. ಆ ಮಗು ತಾನು ವಿಜ್ಞಾನಕ್ಕೆ ಲಾಯಕ್ಕಲ್ಲ ಎಂದು ತನ್ನಷ್ಟಕ್ಕೇ ತೀರ್ಮಾನಿಸಿಬಿಡುತ್ತದೆ. ಬಹುಮಾನ ಪಡೆದ ಮಗುವೂ ಒಂದು ಪಾಠ ಕಲಿಯುತ್ತದೆ: ಇನ್ನೊಬ್ಬರು ಮಾಡಿದ್ದನ್ನು ನನ್ನದೆಂದು ಒಪ್ಪಿಸಿದರೂ ಚಪ್ಪಾಳೆ ಸಿಗುತ್ತದೆ ಎಂಬ ಪಾಠ. ಎರಡೂ ಮಕ್ಕಳಿಗೆ ನಷ್ಟವೇ.

ಹಾಗಾದರೆ ಪ್ರಾಜೆಕ್ಟ್ ಎಂದರೇನು? ಆರು, ಏಳು, ಎಂಟನೇ ತರಗತಿಯ ಮಟ್ಟಿಗೆ ಉತ್ತರ ಬಹಳ ಸರಳ. ಒಂದು ಪ್ರಶ್ನೆ, ಒಂದು ಅಳತೆ, ಒಂದು ನೋಟ್‌ಬುಕ್. ಈ ಮೂರು ಇದ್ದರೆ ಅದು ಪ್ರಾಜೆಕ್ಟ್. ಇಲ್ಲದಿದ್ದರೆ ಎಷ್ಟೇ ಚೆಂದವಿದ್ದರೂ ಅದು ಅಲಂಕಾರ. ಖರ್ಚಿಲ್ಲದೆ, ಮನೆಯ ಸುತ್ತಮುತ್ತಲೇ ಮಾಡಬಹುದಾದ ಕೆಲವನ್ನು ಇಲ್ಲಿ ಕೊಟ್ಟಿದ್ದೇನೆ. ವಿದ್ಯಾರ್ಥಿಗಳು ಮಾಡಲಿ, ಪಾಲಕರು ನೋಡಲಿ.

ಅಂಗಳದ ಕೋಲು

ನೆಟ್ಟಗಿರುವ ಒಂದು ಕೋಲನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನೆಲದಿಂದ ಮೇಲೆ ಸರಿಯಾಗಿ 1 ಮೀಟರ್ ಇರಲಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಗಾರೆಯವರು ಗೋಡೆ ನೋಡುವಂತೆ, ಕೋಲು ವಾಲಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಬೆಳಗ್ಗೆ 11-45ರಿಂದ ಮಧ್ಯಾಹ್ನ 1 ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಿಂದ ಗುರುತು ಹಾಕಿ. ಅತಿ ಗಿಡ್ಡ ನೆರಳು ಬಿದ್ದ ಕ್ಷಣವೇ ನಿಮ್ಮ ಊರಿನ ನಿಜವಾದ ನಡುಹಗಲು.

ಮೊದಲ ಅಚ್ಚರಿ ಇಲ್ಲೇ ಕಾದಿದೆ. ಗಡಿಯಾರದ ಹನ್ನೆರಡಕ್ಕೆ ನಡುಹಗಲು ಆಗುವುದಿಲ್ಲ. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುತ್ತವೆ. ಬೆಂಗಳೂರು ಇರುವುದು ಸುಮಾರು 77.6 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಅಲ್ಲಿ ಸೂರ್ಯ ಸರಾಸರಿ 20 ನಿಮಿಷ ತಡ. ಮಂಗಳೂರಿನಲ್ಲಿ ಸುಮಾರು ಅರ್ಧ ಗಂಟೆ ತಡ. ಇದು ವರ್ಷದ ಸರಾಸರಿ. ತಿಂಗಳಿಂದ ತಿಂಗಳಿಗೆ ಕಾಲು ಗಂಟೆಯವರೆಗೂ ಹಿಂದೆ ಮುಂದೆ ಆಗುತ್ತದೆ.

ಎರಡನೆಯ ಅಚ್ಚರಿಗೆ ತಾಳ್ಮೆ ಬೇಕು. ವಾರಕ್ಕೊಮ್ಮೆಯಂತೆ ವರ್ಷವಿಡೀ ಈ ಗಿಡ್ಡ ನೆರಳನ್ನು ಅಳೆದು ಬರೆಯಿರಿ. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯ ವಾರ ಅದು ಉತ್ತರಕ್ಕೆ ಸುಮಾರು 74 ಸೆಂ.ಮೀ. ಚಾಚಿರುತ್ತದೆ. ಮಾರ್ಚ್ 21ರ ಹೊತ್ತಿಗೆ 23 ಸೆಂ.ಮೀ.ಗೆ ಇಳಿಯುತ್ತದೆ. ಏಪ್ರಿಲ್ 24 ಅಥವಾ 25ರಂದು ನೆರಳೇ ಇರುವುದಿಲ್ಲ. ಕೋಲು ತನ್ನ ನೆರಳನ್ನು ತಾನೇ ತುಳಿದು ನಿಂತಿರುತ್ತದೆ. ಇದು ಶೂನ್ಯ ನೆರಳಿನ ದಿನ. ಆಮೇಲೆ ನೆರಳು ದಕ್ಷಿಣಕ್ಕೆ ಹೊರಳಿ, ಜೂನ್ 21ರಂದು ಸುಮಾರು 18 ಸೆಂ.ಮೀ. ಇರುತ್ತದೆ. ಆಗಸ್ಟ್ 18ರ ಸುಮಾರಿಗೆ ಮತ್ತೆ ಮಾಯ. ಧಾರವಾಡದವರಿಗೆ ಮೊದಲ ಶೂನ್ಯ ನೆರಳು ಮೇ ಮೊದಲ ವಾರ, ಬೀದರದವರಿಗೆ ಮೇ ಎರಡನೇ ವಾರ. ಸೂರ್ಯ ಕರ್ನಾಟಕವನ್ನು ದಕ್ಷಿಣದಿಂದ ಉತ್ತರಕ್ಕೆ ಊರೂರಾಗಿ ದಾಟಿಹೋಗುವುದನ್ನು ಒಂದು ಕೋಲು ತೋರಿಸಿಕೊಡುತ್ತದೆ. ‘ಉತ್ತರಾಯಣ’ ಎಂಬ ಪದ ಪಂಚಾಂಗದಿಂದ ಇಳಿದು ಅಂಗಳಕ್ಕೆ ಬರುತ್ತದೆ.

ಮೈಸೂರು-ಬೀದರದ ಗೆಳೆಯರು

ಈ ಕೋಲಿನಿಂದಲೇ ಭೂಮಿಯ ಸುತ್ತಳತೆಯನ್ನೂ ಕಂಡುಹಿಡಿಯಬಹುದು. ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿದ್ದ ಎರಟೋಸ್ತನೀಸ್ ಇದನ್ನು ಮಾಡಿದ. ದಕ್ಷಿಣದ ಸಯೀನ್ ಎಂಬ ಊರಿನಲ್ಲಿ, ಅಂದರೆ ಇಂದಿನ ಅಸ್ವಾನ್‌ನಲ್ಲಿ, ವರ್ಷದ ಒಂದು ದಿನ ನಡುಹಗಲಲ್ಲಿ ಸೂರ್ಯನ ಬೆಳಕು ಬಾವಿಯ ತಳವನ್ನು ಮುಟ್ಟುತ್ತದೆ, ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಬೀಳುತ್ತದೆ ಎಂಬುದನ್ನು ಅವನು ಬಳಸಿಕೊಂಡ. ಆ ನೆರಳಿನ ಕೋನ ವೃತ್ತದ ಐವತ್ತನೇ ಒಂದು ಭಾಗ. ಹಾಗಾದರೆ ಎರಡು ಊರುಗಳ ದೂರದ ಐವತ್ತರಷ್ಟು ಭೂಮಿಯ ಸುತ್ತಳತೆ!

ನಮ್ಮ ಮಕ್ಕಳು ಈಜಿಪ್ಟಿಗೆ ಹೋಗಬೇಕಿಲ್ಲ. ಮೈಸೂರಿನ ಒಂದು ಶಾಲೆ, ಬೀದರದ ಒಂದು ಶಾಲೆ ಜೊತೆಯಾದರೆ ಸಾಕು. ಸೆಪ್ಟೆಂಬರ್ 23ರ ಆಸುಪಾಸಿನ ಒಂದೇ ದಿನ ಇಬ್ಬರೂ 1 ಮೀಟರ್ ಕೋಲಿನ ಅತಿ ಗಿಡ್ಡ ನೆರಳನ್ನು ಅಳೆಯಲಿ. ಮೈಸೂರಿನಲ್ಲಿ ಸುಮಾರು 22 ಸೆಂ.ಮೀ., ಬೀದರದಲ್ಲಿ ಸುಮಾರು 32 ಸೆಂ.ಮೀ. ಬರಬೇಕು. ತ್ರಿಕೋನಮಿತಿ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಕಾಗದದ ಮೇಲೆ ಕೋಲಿಗೆ 10 ಸೆಂ.ಮೀ., ನೆರಳಿಗೆ 2.2 ಸೆಂ.ಮೀ. ಗೆರೆಗಳನ್ನು ಲಂಬವಾಗಿ ಎಳೆದು, ತುದಿಗಳನ್ನು ಸೇರಿಸಿ, ಕೋಲಿನ ತುದಿಯ ಕೋನವನ್ನು ಕೋನಮಾಪಕದಿಂದ ನೋಡಿದರೆ ಆಯಿತು. ಮೈಸೂರಿಗೆ ಸುಮಾರು 12.3 ಡಿಗ್ರಿ, ಬೀದರಕ್ಕೆ ಸುಮಾರು 17.9 ಡಿಗ್ರಿ. ವ್ಯತ್ಯಾಸ 5.6 ಡಿಗ್ರಿ. ನಕ್ಷೆಯ ಮೇಲೆ ಎರಡೂ ಊರುಗಳ ಉತ್ತರ-ದಕ್ಷಿಣ ಅಂತರ ಸುಮಾರು 620 ಕಿ.ಮೀ. 360ನ್ನು 5.6ರಿಂದ ಭಾಗಿಸಿ 620ರಿಂದ ಗುಣಿಸಿ. ಉತ್ತರ 39,900 ಕಿ.ಮೀ.ಗೆ ಹತ್ತಿರ. ಪಠ್ಯಪುಸ್ತಕ ಹೇಳುವುದು 40,000.

ಮಕ್ಕಳ ಕೈಯಲ್ಲಿ ಇಷ್ಟು ಸರಿಯಾಗಿ ಬರಲಾರದು. ನೆರಳನ್ನು ಅಳೆಯುವಾಗ 1 ಸೆಂ.ಮೀ. ತಪ್ಪಿದರೆ ಕೋನದಲ್ಲಿ ಅರ್ಧ ಡಿಗ್ರಿ ತಪ್ಪುತ್ತದೆ, ಸುತ್ತಳತೆಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ತಪ್ಪುತ್ತದೆ. 36,000 ಬಂದರೆ 36,000 ಎಂದೇ ಬರೆಯಲಿ. ಪಕ್ಕದಲ್ಲಿ, ‘ನೆರಳಿನ ತುದಿ ಮಸುಕಾಗಿತ್ತು, ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗಲಿಲ್ಲ’ ಎಂಬ ಒಂದು ಸಾಲು ಇದ್ದರೆ ಆ ಮಗುವಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಅಡುಗೆಮನೆಯ ರಸಾಯನಶಾಸ್ತ್ರ

ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿದ ಹಳದಿ ಕಲೆಗೆ ಸೋಪು ಹಚ್ಚಿದರೆ ಅದು ಕೆಂಪಾಗುತ್ತದೆ. ಚೆನ್ನಾಗಿ ನೀರಿನಲ್ಲಿ ಜಾಲಿಸಿದರೆ ಮತ್ತೆ ಹಳದಿ. ಇದನ್ನು ಕಾಣದ ತಾಯಂದಿರಿಲ್ಲ. ‘ಏಕೆ?’ ಎಂದು ಮಗು ಕೇಳಿದರೆ ಅದೇ ಒಂದು ಪ್ರಾಜೆಕ್ಟಿನ ಆರಂಭ.

ಅರಿಶಿನ ಪುಡಿಯನ್ನು ನೀರಿನಲ್ಲಿ ಕಲಸಿ, ಬಿಳಿ ಕಾಗದಕ್ಕೆ ಬಳಿದು, ಒಣಗಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ. ಸೋಪಿನ ನೀರು, ಸುಣ್ಣದ ತಿಳಿ, ಅಡುಗೆ ಸೋಡಾ, ಬೂದಿಯ ನೀರು, ಮಜ್ಜಿಗೆ, ನಿಂಬೆರಸ, ಹುಣಸೆರಸ, ಕೊಳವೆಬಾವಿಯ ನೀರು, ಒಂದೊಂದರ ಹನಿಯನ್ನೂ ಒಂದೊಂದು ಪಟ್ಟಿಯ ಮೇಲೆ ಬಿಡಿ. ಪ್ರತ್ಯಾಮ್ಲಗಳು ಅರಿಶಿನವನ್ನು ಕೆಂಪಾಗಿಸುತ್ತವೆ. ಆಮ್ಲಗಳು ಹಳದಿಯನ್ನು ಹಳದಿಯಾಗಿಯೇ ಬಿಡುತ್ತವೆ. ಕೆಂಪಾದ ಪಟ್ಟಿಗೆ ನಿಂಬೆರಸ ಬಿಟ್ಟರೆ ಹಳದಿ ಮರಳಿ ಬರುತ್ತದೆ. ಆರತಿ ತಟ್ಟೆಯಲ್ಲಿ ಅರಿಶಿನ ಸುಣ್ಣ ಸೇರಿಸಿ ಅಜ್ಜಿ ಮಾಡುವ ಓಕುಳಿಯ ಕೆಂಪೂ ಇದೇ.

ಆದರೆ ಅರಿಶಿನಕ್ಕೆ ಒಂದು ಮಿತಿ ಇದೆ. ನಿಂಬೆರಸಕ್ಕೂ ಬರಿಯ ನೀರಿಗೂ ಅದು ವ್ಯತ್ಯಾಸ ತೋರಿಸದು. ಮಗು ಇದನ್ನು ತಾನೇ ಕಂಡುಕೊಳ್ಳುವವರೆಗೆ ಕಾಯಿರಿ. ಆಮೇಲೆ ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ಬಣ್ಣ ಇಳಿಸಲು ಹೇಳಿ. ಆ ದ್ರಾವಣ ಆಮ್ಲದಲ್ಲಿ ಕಡುಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು. ‘ಒಂದು ಸಾಧನ ಸಾಲದಾದಾಗ ಇನ್ನೊಂದನ್ನು ಹುಡುಕಬೇಕು’ ಎಂಬುದು ಹತ್ತು ಪುಟ ಓದಿದರೂ ಮನಸ್ಸಿಗೆ ಇಳಿಯದ ಮಾತು. ಇಲ್ಲಿ ಒಂದು ದಾಸವಾಳ ಅದನ್ನು ಕಲಿಸುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಮುಂತಾದವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ.

ಕರಿಬೇವಿನ ಗಿಡದ ಅತಿಥಿ

ಹಿತ್ತಲಿನ ಕರಿಬೇವು ಅಥವಾ ನಿಂಬೆ ಗಿಡದ ಎಳೆ ಎಲೆಗಳನ್ನು ಮಗು ಒಮ್ಮೆ ಹುಡುಕಿ ನೋಡಲಿ. ಹಕ್ಕಿಯ ಹಿಕ್ಕೆಯಂತೆ ಕಂದು ಬಿಳಿ ಬಣ್ಣದ ಒಂದು ಪುಟ್ಟ ಹುಳು ಕಂಡೀತು. ಅದು ಚಿಟ್ಟೆಯ ಮರಿ. ಹಿಕ್ಕೆಯಂತೆ ಕಾಣುವುದರಿಂದಲೇ ಹಕ್ಕಿಗಳ ಬಾಯಿಂದ ಅದು ಪಾರಾಗುತ್ತದೆ. ಬೆಳೆದಂತೆ ಪೊರೆ ಕಳಚಿ, ಕೊನೆಗೆ ಎಲೆಯದೇ ಹಸಿರು ತಳೆಯುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೊಂಬಿನಂತಹ ಬಣ್ಣದ ಅಂಗವೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ.

ಎಲೆಸಮೇತ ಹುಳುವನ್ನು ಒಂದು ರಟ್ಟಿನ ಡಬ್ಬಿಗೆ ತಂದು, ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ. ದಿನವೂ ಹೊಸ ಎಲೆ ಹಾಕಿ, ಹಿಕ್ಕೆ ಶುಚಿಮಾಡಿ, ಹುಳುವಿನ ಉದ್ದವನ್ನು ಮಿಲಿಮೀಟರಿನಲ್ಲಿ ಬರೆಯಿರಿ. ಎಷ್ಟು ಎಲೆ ತಿಂದಿತು ಎಂದು ಎಣಿಸಿ. ಸಂತೆಯ ಕರಿಬೇವು ಬೇಡ, ಅದಕ್ಕೆ ಔಷಧಿ ಹೊಡೆದಿರಬಹುದು. ಎರಡು ವಾರದ ಆಸುಪಾಸಿನಲ್ಲಿ ಹುಳು ಕಡ್ಡಿಗೆ ದಾರ ಬಿಗಿದುಕೊಂಡು ಕೋಶವಾಗುತ್ತದೆ. ಇನ್ನೊಂದೆರಡು ವಾರದಲ್ಲಿ ಒಂದು ಬೆಳಗ್ಗೆ ಮುದುಡಿದ ರೆಕ್ಕೆಯ ಚಿಟ್ಟೆ ಹೊರಬಂದು, ರೆಕ್ಕೆ ಒಣಗಿಸಿಕೊಂಡು ಹಾರುತ್ತದೆ. ಅದನ್ನು ಹಾರಲು ಬಿಡುವುದೂ ಪ್ರಾಜೆಕ್ಟಿನ ಭಾಗ.

ಕೆಲವೊಮ್ಮೆ ಕೋಶದಿಂದ ಚಿಟ್ಟೆಯ ಬದಲು ಸಣ್ಣ ಸಣ್ಣ ಕಣಜಗಳು ಹೊರಬರುತ್ತವೆ. ತಾಯಿ ಕಣಜ ಮೊದಲೇ ಅದರೊಳಗೆ ಮೊಟ್ಟೆ ಇಟ್ಟಿರುತ್ತದೆ. ಮಗು ಅತ್ತರೆ ಅಳಲಿ, ಆಮೇಲೆ ಬರೆಯಲಿ. ಕರಿಬೇವಿನ ಗಿಡ ಪೂರ್ತಿ ಬೋಳಾಗದೆ ಉಳಿದಿರುವುದು ಏಕೆ ಎಂಬ ಪ್ರಶ್ನೆಗೆ ಆ ಕಣಜಗಳಲ್ಲೂ ಒಂದು ಉತ್ತರವಿದೆ. ಇಂದು ಮೊಬೈಲಿಗೆ ಕೇಳಿದರೆ ಚಿಟ್ಟೆಯ ಜೀವನಚಕ್ರ ಕ್ಷಣಾರ್ಧದಲ್ಲಿ ಬರುತ್ತದೆ, ನಿಜ. ನಿಮ್ಮ ಹಿತ್ತಲಿನ ಹುಳು ಇವತ್ತು ಎಷ್ಟು ಉದ್ದ ಇದೆ ಎಂದು ಯಾವ ಮೊಬೈಲೂ ಹೇಳಲಾರದು.

ಮಳೆಯ ಲೆಕ್ಕ

ಒಂದು ದೊಡ್ಡ ಪ್ಲಾಸ್ಟಿಕ್ ಬಾಟಲಿಯ ಕತ್ತಿನ ಭಾಗವನ್ನು ಕತ್ತರಿಸಿ, ತಲೆಕೆಳಗಾಗಿ ಅದರ ಬಾಯಿಗೇ ಕೂರಿಸಿದರೆ ಆಲಿಕೆಯಾಯಿತು. ತಳ ಉಬ್ಬುತಗ್ಗಾಗಿರುವುದರಿಂದ ನೇರವಾದ ಭಾಗ ಶುರುವಾಗುವವರೆಗೆ ಕಲ್ಲು ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಹಾಕಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಮರ, ಸೂರು ಅಡ್ಡ ಬಾರದ ಬಯಲಿನಲ್ಲಿಟ್ಟು ದಿನವೂ ಬೆಳಗ್ಗೆ ಒಂದೇ ಹೊತ್ತಿಗೆ ನೋಡಿ, ನೀರನ್ನು ಮತ್ತೆ ಸೊನ್ನೆಗೆ ತನ್ನಿ.

ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್ ನೀರು. ನಿಮ್ಮ ತಾರಸಿ 100 ಚದರ ಮೀಟರ್ ಇದ್ದು, 10 ಮಿ.ಮೀ. ಮಳೆಯಾದರೆ 1,000 ಲೀಟರ್! ಅಷ್ಟು ನೀರಿಗೆ ಬೇಸಿಗೆಯಲ್ಲಿ ಎಷ್ಟು ದುಡ್ಡು ಕೊಡುತ್ತೀರಿ ಎಂದು ಮಗು ಮನೆಯಲ್ಲಿ ಕೇಳಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ, ಚಳ್ಳಕೆರೆಯ ಕಡೆ 500ರ ಆಸುಪಾಸು. ಒಂದೇ ರಾಜ್ಯದೊಳಗೆ ಇಷ್ಟು ಅಂತರ ಏಕೆ ಎಂಬ ಪ್ರಶ್ನೆ ಭೂಗೋಳದ ಪುಸ್ತಕವನ್ನು ತಾನಾಗಿ ತೆರೆಸುತ್ತದೆ.

ಗೋಡೆಯ ಮೇಲೆ ಸೂರ್ಯ

ಮರದ ಕೆಳಗೆ ಬಿಸಿಲಿನ ದುಂಡು ದುಂಡು ಚುಕ್ಕೆಗಳನ್ನು ನೀವು ನೋಡಿಯೇ ಇದ್ದೀರಿ. ಎಲೆಗಳ ನಡುವಿನ ಸಂದುಗಳು ದುಂಡಗಿರುವುದಿಲ್ಲ, ಆದರೂ ಚುಕ್ಕೆ ದುಂಡಗೆ. ಅವೆಲ್ಲ ಸೂರ್ಯನ ಬಿಂಬಗಳು. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗುಗಳಲ್ಲಿ ಕಂಕಣ ಸೂರ್ಯಗ್ರಹಣ ಆದಾಗ ಇಂತಹ ಬಿಂಬಗಳು ಬಳೆಯಾಕಾರ ತಳೆದವು.

ಒಂದು ಕನ್ನಡಿ ಚೂರಿಗೆ ಬಟಾಣಿಯಷ್ಟು ತೂತು ಮಾಡಿದ ಕಪ್ಪು ಕಾಗದ ಅಂಟಿಸಿ. ಕನ್ನಡಿಯನ್ನು ಅಲುಗದಂತೆ ಕಿಟಕಿಯಲ್ಲಿಟ್ಟು, 10 ಮೀಟರ್ ದೂರದ ಕತ್ತಲೆ ಗೋಡೆಗೆ ಬೆಳಕು ಬೀಳಿಸಿ. ಸುಮಾರು 9ರಿಂದ 10 ಸೆಂ.ಮೀ. ಅಗಲದ ದುಂಡು ಬಿಂಬ ಮೂಡುತ್ತದೆ. ಸೂರ್ಯ 15 ಕೋಟಿ ಕಿ.ಮೀ. ದೂರದಲ್ಲಿದೆ ಎಂದು ಪುಸ್ತಕದಲ್ಲಿದೆ. ಅನುಪಾತದ ಲೆಕ್ಕ ಮಾಡಿದರೆ ಸೂರ್ಯನ ವ್ಯಾಸ 14 ಲಕ್ಷ ಕಿ.ಮೀ.ಗೆ ಹತ್ತಿರ ಸಿಗುತ್ತದೆ. ಬಿಂಬದ ಸುತ್ತ ಪೆನ್ಸಿಲಿನಿಂದ ಗೆರೆ ಹಾಕಿ ಕಾಯಿರಿ. ಸುಮಾರು ಎರಡು ನಿಮಿಷದಲ್ಲಿ ಅದು ಗೆರೆಯಿಂದ ಪೂರ್ತಿ ಹೊರಗೆ ಸರಿಯುತ್ತದೆ. ಭೂಮಿ ತಿರುಗುವುದನ್ನು ಮಗು ಗೋಡೆಯ ಮೇಲೆ ನೋಡಿದಂತಾಯಿತು. ಎಚ್ಚರಿಕೆ: ಸೂರ್ಯನನ್ನಾಗಲಿ, ಕನ್ನಡಿಯಿಂದ ಬರುವ ಅದರ ಬೆಳಕನ್ನಾಗಲಿ ನೇರವಾಗಿ ನೋಡಲೇಬಾರದು. ಇನ್ನೊಬ್ಬರ ಕಣ್ಣಿಗೂ ಬಿಡಬಾರದು.

ಹೊಸ ಮಾತೇನಲ್ಲ

ಮಾಡಿ ಕಲಿಯುವ ಈ ಪದ್ಧತಿ ನಮ್ಮ ಹಳ್ಳಿಯ ಶಾಲೆಗಳಿಗೆ ಹೊಂದುವುದೇ ಎಂಬ ಅನುಮಾನ ಬೇಡ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲೇ ಇಂತಹ ವಿಜ್ಞಾನ ಶಿಕ್ಷಣ ಆರಂಭವಾಯಿತು. ಆರರಿಂದ ಎಂಟನೇ ತರಗತಿಯ ಮಕ್ಕಳು ಗುಂಪಾಗಿ ಪ್ರಯೋಗ ಮಾಡಿ, ಕಂಡದ್ದನ್ನು ಬರೆದು, ಚರ್ಚಿಸಿ ಕಲಿಯುತ್ತಿದ್ದರು. ಪರೀಕ್ಷೆಗೆ ಪುಸ್ತಕ ತೆರೆದುಕೊಂಡು ಕೂರಬಹುದಿತ್ತು. ಐಐಟಿ ಕಾನ್ಪುರದಲ್ಲಿ ಓದಿದ ಎಂಜಿನಿಯರ್ ಅರವಿಂದ್ ಗುಪ್ತಾ 1978ರಲ್ಲಿ ಅಲ್ಲಿಗೆ ಹೋದವರು, ಸೈಕಲ್ಲಿನ ವಾಲ್ವ್ ಟ್ಯೂಬು ಮತ್ತು ಬೆಂಕಿಕಡ್ಡಿಗಳಿಂದಲೇ ರೇಖಾಗಣಿತದ ಆಕೃತಿಗಳನ್ನು ಕಟ್ಟಿ ತೋರಿಸಿದರು. ಕಸದಿಂದ ಆಟಿಕೆ ಮಾಡುವ ಅವರ ಕೆಲಸಕ್ಕೆ 2018ರಲ್ಲಿ ಪದ್ಮಶ್ರೀ ಬಂತು. ಹೋಶಂಗಾಬಾದಿನ ಕಾರ್ಯಕ್ರಮವನ್ನು ಅಲ್ಲಿನ ಸರಕಾರ 2002ರಲ್ಲಿ ನಿಲ್ಲಿಸಿತು. ಆದರೂ ಮೂವತ್ತು ವರ್ಷ ಸರಕಾರಿ ಶಾಲೆಗಳಲ್ಲಿ ಅದು ನಡೆದದ್ದು ಸಣ್ಣ ಮಾತಲ್ಲ.

ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಲ್ಲಿ ಆರಂಭವಾದಾಗಲೂ ಆಶಯ ಇದೇ ಆಗಿತ್ತು. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಆರಿಸಿ, ಅಳೆದು, ಅಂಕಿ ಅಂಶ ಕೂಡಿಸಿ ವರದಿ ಮಂಡಿಸಬೇಕು. ಕರ್ನಾಟಕದಲ್ಲಿ ರಾಜ್ಯ ವಿಜ್ಞಾನ ಪರಿಷತ್ತಿನ ಮೂಲಕ ಅನೇಕ ಹಳ್ಳಿ ಮಕ್ಕಳು ಕೆರೆ, ಬೆಳೆ, ಕಸ, ಕುಡಿಯುವ ನೀರು ಎಂದು ತಮ್ಮ ಸುತ್ತಲಿನದನ್ನೇ ಹಿಡಿದು ಅಲ್ಲಿಗೆ ಹೋಗಿದ್ದಾರೆ.

ಪಾಲಕರಲ್ಲಿ ಒಂದು ಮಾತು

ಹಾಗಾದರೆ ಅಪ್ಪ ಅಮ್ಮ ಏನೂ ಮಾಡಬಾರದೇ? ಖಂಡಿತ ಮಾಡಬೇಕು. ಚಾಕು, ಬೆಂಕಿ, ಕುದಿಯುವ ನೀರು ಇರುವ ಕಡೆ ಪಕ್ಕದಲ್ಲಿ ನಿಲ್ಲಬೇಕು. ಅಡುಗೆಮನೆಯ ಕಟ್ಟೆ ಒಂದು ಗಂಟೆ ಅರಿಶಿನಮಯವಾದರೆ ಸಹಿಸಬೇಕು. ಮಗು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ‘ನನಗೂ ಗೊತ್ತಿಲ್ಲ, ನೋಡೋಣ ಬಾ’ ಎನ್ನಬೇಕು. ಇದರಿಂದ ಯಾರ ಗೌರವವೂ ಕಡಿಮೆಯಾಗುವುದಿಲ್ಲ. ಓದು ಬರಹ ಬಾರದ ತಂದೆ ತಾಯಿಗೂ ಇಲ್ಲಿ ಪಾಲಿದೆ. ಯಾವ ಗಿಡಕ್ಕೆ ಯಾವ ಹುಳು ಬೀಳುತ್ತದೆ, ಯಾವ ಮೋಡಕ್ಕೆ ಮಳೆ ಬರುತ್ತದೆ ಎಂಬುದನ್ನು ಹೊಲದಲ್ಲಿ ದುಡಿಯುವವರು ಪೇಟೆಯ ಪದವೀಧರರಿಗಿಂತ ಚೆನ್ನಾಗಿ ಬಲ್ಲರು. ಮಗು ಅವರನ್ನು ಕೇಳಿ ಬರೆದುಕೊಳ್ಳಲಿ.

ಮಾಡಬಾರದ್ದು ಎರಡೇ. ಮಗುವಿನ ಸೊಟ್ಟ ಅಕ್ಷರವನ್ನು ನೀವು ತಿದ್ದಿ ಬರೆಯಬೇಡಿ. ಅದು ಬರೆದ ಅಂಕಿ ‘ಸರಿಯಾಗಿಲ್ಲ’ ಎಂದು ಅಳಿಸಬೇಡಿ. ಅಳಿಸಿದ ಅಂಕಿಯ ಜೊತೆಗೆ, ತನ್ನ ಕಣ್ಣನ್ನು ತಾನು ನಂಬುವ ಧೈರ್ಯವೂ ಅಳಿಸಿಹೋಗುತ್ತದೆ.

ನನ್ನ ಸಹೋದ್ಯೋಗಿಗಳಿಗೂ ಒಂದು ಬಿನ್ನಹ. ತೀರ್ಪು ಕೊಡುವಾಗ ಮೇಜಿನ ಮೇಲಿನ ಮಾದರಿಯನ್ನು ಕೊನೆಗೆ ನೋಡೋಣ, ನೋಟ್‌ಬುಕ್ಕನ್ನು ಮೊದಲು ಕೇಳೋಣ. ಹತ್ತು ಅಂಕಗಳಲ್ಲಿ ಐದು ನೋಟ್‌ಬುಕ್ಕಿಗೆ, ಮೂರು ಮಗುವಿನ ಮಾತಿಗೆ, ಎರಡು ಮಾದರಿಗೆ ಎಂದು ಇಟ್ಟುಕೊಂಡರೆ ಎದುರಿನ ಅಂಗಡಿಯ ಸುಗ್ಗಿ ತಾನಾಗಿ ಇಳಿಯುತ್ತದೆ. ಮುಂದಿನ ಸಲ ಪ್ರದರ್ಶನದ ದಿನ ಮನೆಯಲ್ಲೇ ಉಳಿಯುತ್ತಿದ್ದ ಮಗು, ಮಣ್ಣು ಮೆತ್ತಿದ ನೋಟ್‌ಬುಕ್ ಹಿಡಿದು ಬಂದೀತು.

ವಿದ್ಯಾರ್ಥಿ ಮಿತ್ರರೇ, ಮುಂದಿನ ಭಾನುವಾರ ಬಿಸಿಲಿದ್ದರೆ ಒಂದು ಕೋಲು ಹುಡುಕಿ. ಬೆಳಗ್ಗೆ 11-45ಕ್ಕೆ ಅಂಗಳದಲ್ಲಿರಿ. ತಾರೀಖು, ಸಮಯ, ನೆರಳಿನ ಉದ್ದ ಎಂದು ಮೂರು ಕಲಂ ಎಳೆದು ಮೊದಲ ಸಾಲು ಬರೆಯಿರಿ. ಎರಡನೆಯ ಸಾಲು ಅದರ ಮುಂದಿನ ಭಾನುವಾರ.